ಒಡೆದ ದೇಶಕ್ಕಾಗಿ ಪ್ರಾರ್ಥಿಸುವಾಗ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯನಿಗೆ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ಮಧ್ಯ ಆಫ್ರಿಕಾ ಗಣರಾಜ್ಯಕ್ಕಾಗಿ ನಿಮ್ಮ ಪ್ರಾರ್ಥನಾ ಕೂಟದವರು ಒಂದು ರಾತ್ರಿಯನ್ನು ಮೀಸಲಿಟ್ಟಿದ್ದಾರೆಂದು ತಿಳಿದು ಸಂತೋಷವಾಯಿತು. ‘ಕರ್ತನೇ, ಆ ದೇಶಕ್ಕೆ ಸಮಾಧಾನ ಕೊಡು’ ಎಂದು ಹೇಳಿದ ಮೇಲೆ ಮುಂದೆ ಏನನ್ನು ಬೇಡಬೇಕೆಂದು ತೋಚುತ್ತಿಲ್ಲವೆಂದು ನೀನು ಬರೆದಿದ್ದೀಯೆ. ಅದಕ್ಕೆ ಉತ್ತರವಾಗಿ, ಆ ದೇಶದ ಸಭೆಯಿಂದಲೇ ನಾನು ಕಲಿತದ್ದನ್ನು ನಿನಗೆ ಬರೆಯುತ್ತಿದ್ದೇನೆ.

ಮೊದಲು ನಡೆದದ್ದನ್ನು ನಡೆದಂತೆಯೇ ದೇವರ ಮುಂದೆ ಇಡಬೇಕು. 2013ರ ಮಾರ್ಚ್‌ನಲ್ಲಿ, ಹೆಚ್ಚಾಗಿ ಮುಸ್ಲಿಮರೇ ಇದ್ದ ಸೆಲೆಕಾ ಎಂಬ ಬಂಡುಕೋರರ ಒಕ್ಕೂಟವು ರಾಜಧಾನಿ ಬಾಂಗಿಯನ್ನು ವಶಪಡಿಸಿಕೊಂಡು ಅಧ್ಯಕ್ಷ ಫ್ರಾಂಸ್ವಾ ಬೊಝಿಝೆಯನ್ನು ಪದಚ್ಯುತಗೊಳಿಸಿತು. ಅವರ ಲೂಟಿ ಮತ್ತು ಕೊಲೆಗಳಿಗೆ ಸೇಡು ತೀರಿಸಿಕೊಳ್ಳಲೆಂದು ಎದ್ದ ಆಂಟಿ-ಬಲಾಕಾ ಗುಂಪುಗಳು ಅದೇ ವರ್ಷದ ಡಿಸೆಂಬರ್ 5ರಂದು ಬಾಂಗಿಯ ಮೇಲೆ ದಾಳಿ ಮಾಡಿದವು. ಮುಂದಿನ ತಿಂಗಳುಗಳಲ್ಲಿ ದೇಶದ ಪಶ್ಚಿಮ ಭಾಗದ ಮುಸ್ಲಿಮರಲ್ಲಿ ಬಹುಪಾಲು ಜನ ಚಾಡ್‌ಗೂ ಕ್ಯಾಮರೂನಿಗೂ ಓಡಿಹೋಗಬೇಕಾಯಿತು. ಇದನ್ನು ಬರೀ ಎರಡು ಧರ್ಮಗಳ ಜಗಳವೆಂದು ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. ವಜ್ರ ಮತ್ತು ಚಿನ್ನದ ಆಸೆ, ಮೇವು ಹುಡುಕಿ ದನಗಳನ್ನು ಹೊಡೆದುಕೊಂಡು ಬರುವ ಪಶುಪಾಲಕರಿಗೂ ಹೊಲದ ಒಡೆಯರಿಗೂ ನಡುವಿನ ಘರ್ಷಣೆ, ಈಶಾನ್ಯ ಪ್ರಾಂತ್ಯದ ಜನರನ್ನು ಸ್ವಂತ ದೇಶದಲ್ಲಿಯೇ ಪರದೇಶಿಗಳಂತೆ ಕಂಡ ಆಡಳಿತ, ಇವೆಲ್ಲವೂ ಆ ಬೆಂಕಿಗೆ ಬಿದ್ದ ಸೌದೆಯೇ. ಆದುದರಿಂದ ನೀವು ಪ್ರಾರ್ಥಿಸುವಾಗ ಗಣಿಗಳನ್ನೂ ಹುಲ್ಲುಗಾವಲುಗಳನ್ನೂ ಹೆಸರು ಹಿಡಿದು ಹೇಳಿ.

ಆಂಟಿ-ಬಲಾಕಾವನ್ನು ಲೋಕದ ಪತ್ರಿಕೆಗಳು ಕ್ರೈಸ್ತ ಪಡೆಯೆಂದು ಕರೆದವು. ಅಲ್ಲಿನ ಬಿಷಪ್ಪರು ಆ ಹೆಸರನ್ನು ನಿರಾಕರಿಸಿದರು. ಆ ಹೋರಾಟಗಾರರಲ್ಲಿ ಅನೇಕರ ಕೊರಳಲ್ಲಿದ್ದದ್ದು ಗುಂಡು ತಾಗದಂತೆ ಕಾಯುವುದೆಂದು ಅವರು ನಂಬಿದ್ದ ತಾಯಿತಗಳು. ನಿರಾಕರಣೆ ನ್ಯಾಯವಾದದ್ದೇ. ಆದರೂ ಹೆಸರನ್ನು ಅಲ್ಲಗಳೆದ ಮಾತ್ರಕ್ಕೆ ನಮ್ಮ ಪಾಪನಿವೇದನೆ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ. ದಾನಿಯೇಲನ ಗ್ರಂಥದ ಒಂಬತ್ತನೆಯ ಅಧ್ಯಾಯವನ್ನು ಆ ರಾತ್ರಿ ಎಲ್ಲರೂ ಕೂಡಿ ಓದಿರಿ. ವೈರಿಗಳು ಹುಡುಕಿದರೂ ಯಾವ ತಪ್ಪೂ ಸಿಗದಂತೆ ಬದುಕಿದ ಆ ಮನುಷ್ಯನು, ತನ್ನ ಜನರ ಪಾಪಗಳನ್ನು ಎಣಿಸುವಾಗ ‘ಅವರು’ ಎನ್ನದೆ ‘ನಾವು’ ಎನ್ನುತ್ತಾನೆ. ಆಫ್ರಿಕಾದ ಇನ್ನೊಂದು ದೇಶವಾದ ರುವಾಂಡದಲ್ಲಿ ಹೂತು, ತುತ್ಸಿ ಎಂಬ ಎರಡು ಕುಲದವರೂ ಒಂದೇ ದೇವಾಲಯದಲ್ಲಿ ಕೂತು ಹಾಡುತ್ತಿದ್ದವರು. 1994ರ ನರಮೇಧದಲ್ಲಿ ನ್ಯಾಮಾತಾ ಮತ್ತು ನ್ತಾರಾಮಾ ಎಂಬಲ್ಲಿ ಆಶ್ರಯ ಬೇಡಿ ಬಂದ ಸಾವಿರಾರು ತುತ್ಸಿಗಳನ್ನು ಹೂತು ಉಗ್ರರು ದೇವಾಲಯದ ಗೋಡೆಗಳ ಒಳಗೇ ಕೊಂದರು. ಸ್ನಾನದೀಕ್ಷೆಗಿಂತ ಕುಲವೇ ಆಳಕ್ಕೆ ಇಳಿದಿದ್ದ ಆ ಸಭೆಯನ್ನು ನೆನೆದರೆ, ನಮ್ಮ ಪ್ರಾರ್ಥನೆಯ ಮೊದಲ ಮಾತು ಬೇರೆಯವರ ಮೇಲಿನ ದೂರಾಗಲು ಸಾಧ್ಯವೇ ಇಲ್ಲ.

ಇನ್ನು ನನ್ನ ಮನಸ್ಸು ಹೆಚ್ಚಾಗಿ ನಿಂತಿರುವ ವಿಷಯಕ್ಕೆ ಬರುತ್ತೇನೆ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ 2013ರ ಆ ಡಿಸೆಂಬರ್‌ನಲ್ಲಿ ಮುಸ್ಲಿಂ ಸಮುದಾಯದ ನಾಯಕ ಇಮಾಮ್ ಉಮರ್ ಕೊಬಿನೆ ಲಾಯಾಮಾ ಅವರ ಜೀವಕ್ಕೆ ಅಪಾಯ ಬಂದಾಗ, ಬಾಂಗಿಯ ಆರ್ಚ್‌ಬಿಷಪ್ ದ್ಯೂದೊನೆ ನ್ಜಪಲೈಂಗಾ ಅವರು ಇಮಾಮರನ್ನೂ ಅವರ ಕುಟುಂಬವನ್ನೂ ತಮ್ಮ ನಿವಾಸದಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡರು. ಇವರಿಬ್ಬರೂ ಸುವಾರ್ತಾ ಸಭೆಗಳ ಮುಖಂಡರಾದ ಪಾಸ್ಟರ್ ನಿಕೋಲಾ ಗೆರೆಕೊಯಾಮೆ ಗ್ಬಾಂಗು ಅವರೊಡನೆ ಸೇರಿ ಹಳ್ಳಿಹಳ್ಳಿಗೆ ಹೋಗಿ, ಆಯುಧ ಹಿಡಿದವರೊಡನೆಯೂ ಕೂತು ಮಾತಾಡಿದರು. ಬೊಸೆಂಪ್ಟೆಲೆ ಎಂಬ ಊರಿನಲ್ಲಿ ಟೋಗೊ ದೇಶದ ಯುವ ಪಾದ್ರಿ ಬರ್ನಾರ್ಡ್ ಕಿನ್ವಿ ಅವರು 2014ರಲ್ಲಿ ನೂರಾರು ಮುಸ್ಲಿಮರನ್ನು ಮಿಷನ್ ಆವರಣದಲ್ಲಿ ಅಡಗಿಸಿ ಕಾಪಾಡಿದರು. ಇವರು ಪ್ರಾರ್ಥನೆಯನ್ನು ಬಿಟ್ಟು ಸಮಾಜಸೇವೆಗೆ ಇಳಿದವರಲ್ಲ. ಅವರ ಪ್ರಾರ್ಥನೆಯೇ ಅವರನ್ನು ಬಾಗಿಲಿನ ತನಕ ಕರೆದುಕೊಂಡು ಹೋಯಿತೆಂದು ನಾನು ದೃಢವಾಗಿ ನಂಬುತ್ತೇನೆ. ಮಧ್ಯದಲ್ಲಿದ್ದ ಅಡ್ಡಗೋಡೆಯನ್ನು ಕ್ರಿಸ್ತನು ತನ್ನ ಶರೀರದಲ್ಲಿಯೇ ಕೆಡವಿದನೆಂದು ಎಫೆಸದವರಿಗೆ ಪೌಲನು ಬರೆದದ್ದನ್ನು ಅಕ್ಷರಶಃ ನಂಬಿದವನಿಗೆ, ಓಡಿಬಂದವನ ಧರ್ಮ ಯಾವುದೆಂದು ಕೇಳಿ ಬಾಗಿಲು ತೆಗೆಯುವುದು ಹೇಗೆ ಸಾಧ್ಯ? ಅಂಥ ಬಾಗಿಲುಗಳನ್ನು ತೆರೆಯುವ ಧೈರ್ಯವನ್ನು ಅಲ್ಲಿನ ಸಾಮಾನ್ಯ ವಿಶ್ವಾಸಿಗಳಿಗೂ ಕೊಡೆಂದು ಬೇಡಿಕೊಳ್ಳಿರಿ.

ಅಧಿಕಾರಿಗಳಿಗಾಗಿ ಪ್ರಾರ್ಥಿಸಬೇಕೆಂದು ಪೌಲನು ತಿಮೊಥೆಯನಿಗೆ ಬರೆದದ್ದು ನಿನಗೆ ಬಾಯಿಪಾಠವಾಗಿದೆ. 2019ರಲ್ಲಿ ಸರ್ಕಾರವೂ 14 ಶಸ್ತ್ರಧಾರಿ ಗುಂಪುಗಳೂ ಸಹಿ ಹಾಕಿದ ಶಾಂತಿ ಒಪ್ಪಂದವು ಮರುವರ್ಷದ ಕೊನೆಯಲ್ಲಿಯೇ ಮುರಿದುಬಿದ್ದಿತು. ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಮನಸ್ಸನ್ನು ಅವರಿಗೆ ಕೊಡೆಂದು ಕೇಳಿದರೆ ಸಾಕು.

ಶತ್ರುಗಳಿಗಾಗಿ ಪ್ರಾರ್ಥಿಸುವ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಇರಲಿ. ಯೇಸುವಿನ ಆಜ್ಞೆ ಸ್ಪಷ್ಟವಾಗಿದೆ. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಪರವಾಗಿ, ದೂರದಲ್ಲಿ ಕ್ಷೇಮವಾಗಿ ಕೂತಿರುವ ನಾವು ಕ್ಷಮಾಪಣೆಯನ್ನು ಘೋಷಿಸುವ ಹಕ್ಕು ನಮಗಿಲ್ಲ. ಕೀರ್ತನೆಗಳಲ್ಲಿ ‘ಎಷ್ಟರವರೆಗೆ, ಕರ್ತನೇ?’ ಎಂಬ ಮೊರೆಯೂ ಇದೆ. ಆಕೆಯ ಮೊರೆಯನ್ನು ಹಾಗೆಯೇ ದೇವರ ಬಳಿಗೆ ಒಯ್ಯಿರಿ. ನ್ಯಾಯ ದೊರಕಲೆಂದು ಬೇಡಲು ಹಿಂಜರಿಯಬೇಡಿರಿ. ಬಂದೂಕು ಹಿಡಿದ ಹುಡುಗರಿಗಾಗಿ ಬೇಡುವಾಗ ಪಶ್ಚಾತ್ತಾಪವನ್ನೂ ಕೇಳಿರಿ, ಬಂದೂಕು ಕೆಳಗಿಟ್ಟ ಮರುದಿನ ಕೈಗೆ ಸಿಗುವ ಕೆಲಸವನ್ನೂ ಕೇಳಿರಿ.

ಕೊನೆಯದಾಗಿ, ಓಡಿಹೋದವರು ಮರಳಿ ಬರುವ ವಿಷಯವನ್ನು ಕೂಟದವರು ಮರೆಯದಂತೆ ನೋಡಿಕೊ. ಮರಳಿ ಬಂದ ಮುಸ್ಲಿಂ ಕುಟುಂಬದ ಮನೆಯಲ್ಲಿ ಬೇರೊಬ್ಬರು ನೆಲೆಸಿರಬಹುದು, ಅವರೂ ತಮ್ಮ ಮನೆ ಸುಟ್ಟುಹೋದ ಕ್ರೈಸ್ತರೇ ಆಗಿರಬಹುದು. ಆ ಎರಡು ಕುಟುಂಬಗಳಿಗೂ ಸೂರು ಸಿಗುವಂತೆ, ಅವರ ಮೊಕದ್ದಮೆಯನ್ನು ಕೇಳುವ ನ್ಯಾಯಾಧೀಶನು ಲಂಚಕ್ಕೂ ಕುಲಕ್ಕೂ ಮಣಿಯದಂತೆ, ಊರಿನ ಸಭಾಪಾಲಕನು ಆ ದಿನ ಇಬ್ಬರ ಬಳಿಗೂ ಹೋಗುವಂತೆ ಪ್ರಾರ್ಥಿಸಿರಿ. ಅದೇ ರಾತ್ರಿ ನಾನೂ ಇಲ್ಲಿ ಎಚ್ಚರವಾಗಿದ್ದು ನಿಮ್ಮೊಡನೆ ಬೇಡಿಕೊಳ್ಳುತ್ತೇನೆ.

ಕರ್ತನಲ್ಲಿ,
ನಿನ್ನ ಗೆಳೆಯ