ನಿನ್ನ ಕಡೆ ಎಷ್ಟು ಸೆಂಟು?

ಗೆಳೆಯಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಎರಡನೇ ನಿಮಿಷಕ್ಕೇ ನಾವಿಬ್ಬರೂ ಸುಮ್ಮನಾಗುತ್ತೇವೆ. ಆಮೇಲೆ 'ಮತ್ತೆ?' 'ಮತ್ತೇನಿಲ್ಲ' ಅಂತ ಇಟ್ಟುಬಿಡುತ್ತೇವೆ. ಜನವರಿಯಿಂದ ಹೀಗೇ ಆಗುತ್ತಿದೆ ಅಲ್ವಾ? ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಕಡೆಯೇ ಹಾಕುತ್ತೇನೆ. ತೀರಿಕೊಂಡ ನಮ್ಮ ಗೆಳೆಯ, ನಾವು 'ಉದ್ದ' ಅಂತ ಕರೆಯುತ್ತಿದ್ದವನು, ನಮ್ಮಿಬ್ಬರಿಗೆ ಮಾತ್ರ ಸೇರಿದವನಲ್ಲವಲ್ಲ, ಸೋಮವಾರಪೇಟೆಯ ಸಂತೆಯಲ್ಲಿ ನಿಂತರೆ ಅರ್ಧ ಜನ ಅವನನ್ನು ಕೇಳುತ್ತಾರೆ. ಛತ್ರಿ ವಿಷಯ ಮಾತ್ರ ಇಲ್ಲಿ ಬರೆಯುವುದಿಲ್ಲ. ಹೆದರಬೇಡ.

ಮೊದಲು ಮಳೆ ಸುದ್ದಿ. ಮಾರ್ಚ್ ಕೊನೆಯಲ್ಲಿ ಹೂಮಳೆ ಬಂತು, ಕಾಫಿ ಹೂ ಬಿಡಿಸುವ ಮಳೆ. ಸಂಜೆ ನಾಲ್ಕರ ಹೊತ್ತಿಗೆ ಪುಷ್ಪಗಿರಿ ಕಡೆ ಕಪ್ಪಾಯಿತು, ಗಾಳಿ ಬೀಸಿತು, ಸಿಲ್ವರ್ ಮರದ ಎಲೆಗಳೆಲ್ಲ ಬೆಳ್ಳಗೆ ತಿರುಗಿದವು, ಆಮೇಲೆ ಮುಕ್ಕಾಲು ಗಂಟೆ ಸುರಿಯಿತು. ಬೆಳಿಗ್ಗೆ ಮಳೆ ಮಾಪಕ ನೋಡಿದರೆ 82 ಸೆಂಟು. ಅಲ್ಲೇ ನಿಂತು ನಮ್ಮ ಮೂವರ ಗುಂಪಿನಲ್ಲಿ '82' ಅಂತ ಹಾಕಿಬಿಟ್ಟೆ. ಹಾಕಿದ ಮೇಲೆ ನೆನಪಾಯಿತು. ನೀನೂ ನೋಡಿದೆ, ಏನೂ ಬರೆಯಲಿಲ್ಲ. ಬರೆಯುವುದಕ್ಕೆ ಏನಿತ್ತು?

(ತೋಟದವರಲ್ಲದವರು ಓದುತ್ತಿದ್ದರೆ ಒಂದು ಮಾತು. ನಮ್ಮಲ್ಲಿ ಮಳೆಗೆ ಇಂಚು, ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25 ಮಿಲಿಮೀಟರಿಗಿಂತ ಚೂರು ಜಾಸ್ತಿ. ಕಾಫಿಯವರು ಬೆಳಿಗ್ಗೆ ಎದುರಾದರೆ ಊಟ ತಿಂಡಿ ಕೇಳುವುದಿಲ್ಲ, 'ನಿಮ್ಮ ಕಡೆ ಎಷ್ಟು ಸೆಂಟು?' ಅಂತ ಕೇಳುತ್ತಾರೆ.)

ಉದ್ದನಿಗೆ ಆ ಲೆಕ್ಕ ಎಂದರೆ ಪ್ರಾಣ. ನಿನಗೆ ಗೊತ್ತಲ್ಲ, 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳೇ ಜಾರಿ ಬಂದಾಗ ಕರೆಂಟಿಲ್ಲ, ರಸ್ತೆಯಿಲ್ಲ, ನಾವೆಲ್ಲ ಮನೆ ಉಳಿದರೆ ಸಾಕು ಅಂತ ಕೂತಿದ್ದೆವು. ಇವನು ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಅಂಗಳಕ್ಕೆ ಇಳಿಯುತ್ತಿದ್ದ, ಮಾಪಕ ತುಂಬಿ ಚೆಲ್ಲಿದರೆ ಲೆಕ್ಕ ತಪ್ಪುತ್ತದೆ ಅಂತ.

ಈಗ ಅವನ ಮನೆಯ ಮಾಪಕವನ್ನು ನಾನು ಓದುತ್ತೇನೆ. ಅವನ ಅವ್ವನಿಗೆ ಸಣ್ಣ ಗೆರೆ ಕಾಣುವುದಿಲ್ಲ. ಅದಕ್ಕೆ ಅವರು ಏನು ಮಾಡುತ್ತಾರೆ ಗೊತ್ತಾ? ಮಳೆ ಬಂದ ಮರುದಿನ ಬೆಳಿಗ್ಗೆ ಆ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅಡುಗೆಮನೆಯ ಕಿಟಕಿ ಕಟ್ಟೆಯ ಮೇಲೆ ನಿಲ್ಲಿಸಿ, ನೀರು ಆರಬಾರದು ಅಂತ ಬಾಯಿಗೆ ಪುಟ್ಟ ಸ್ಟೀಲ್ ಬಟ್ಟಲು ಮುಚ್ಚಿಡುತ್ತಾರೆ. ನಾನು ಹೋಗಿ ಬಗ್ಗಿ ನೋಡಿ ಹೇಳುವವರೆಗೆ ಮಾತಾಡುವುದಿಲ್ಲ. ಹೇಳಿದ ಮೇಲೆ ನೀರನ್ನು ತುಳಸಿಗೆ ಸುರಿದು, ಕೊಳವೆ ಒರೆಸಿ, ಮತ್ತೆ ಅಂಗಳದ ಗೂಟಕ್ಕೆ ಸಿಕ್ಕಿಸಿ ಬರುತ್ತಾರೆ. ನಾನು ಅವನ ಪುಸ್ತಕದಲ್ಲಿ ಬರೆಯುತ್ತೇನೆ. ಅವನ ಅಕ್ಷರದ ಕೆಳಗೆ ನನ್ನ ಅಕ್ಷರ.

ಆ ಪುಸ್ತಕದ ಬಗ್ಗೆ ನಿನಗೆ ಹೇಳಲೇಬೇಕು. ಮಳೆ ಬಂದ ದಿನ ಮಾತ್ರ ಬರೆಯುತ್ತಾನೆ ಅಂದುಕೊಂಡಿದ್ದೆ. ಇಲ್ಲ ಮಾರಾಯ. ಪ್ರತಿದಿನ ಬರೆದಿದ್ದಾನೆ. ಡಿಸೆಂಬರ್, ಜನವರಿ, ಫೆಬ್ರವರಿ ತೆಗೆದರೆ ಬರೀ ಸೊನ್ನೆ, ಪುಟದ ಉದ್ದಕ್ಕೂ ಸೊನ್ನೆ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಮಳೆ ಬಂದಿಲ್ಲ ಅಂತ ಹಾಸಿಗೆಯಲ್ಲೇ ಗೊತ್ತು. ಆದರೂ ಎದ್ದು ಹೋಗಿ ನೋಡಿ ಬಂದು ಸೊನ್ನೆ ಬರೆದಿದ್ದಾನೆ. ನಂಬಿಕೆ ಅಂದರೆ ನನಗೆ ದೇವಸ್ಥಾನ, ಹರಕೆ, ಅಮ್ಮನ ದೀಪ, ಅಷ್ಟೇ ಆಗಿತ್ತು. ಅವನು ಹೋದ ಮೇಲೆ ಅದೂ ಬೇಡವೆನಿಸಿ ಈ ಸಲ ಶಾಂತಳ್ಳಿ ಜಾತ್ರೆಗೂ ಹೋಗಲಿಲ್ಲ. ಆದರೆ ಆ ಸೊನ್ನೆಗಳನ್ನು ನೋಡಿದ ದಿನದಿಂದ ನಾನೂ ಎದ್ದ ಕೂಡಲೇ ಹೋಗಿ ಮಾಪಕ ನೋಡುತ್ತೇನೆ, ನಮ್ಮ ಮನೆಯಲ್ಲಿ. ಖಾಲಿ ಇದ್ದರೂ. ಅಷ್ಟು ಹೊತ್ತು ಎದೆ ಹಗುರ ಇರುತ್ತದೆ. ಇದಕ್ಕೆ ಪ್ರಾರ್ಥನೆ ಅನ್ನಬಹುದಾ ಗೊತ್ತಿಲ್ಲ, ನನಗಂತೂ ಈಗ ಇರುವುದು ಇದೊಂದೇ.

ಮತ್ತೆ ಕೆಲಸ. ಕೆಲಸ ನನ್ನನ್ನು ಕಾಪಾಡಿತು ಕಣೋ. ಮಾರ್ಚ್‌ನಲ್ಲಿ ಅರೇಬಿಕಾ ಕಾಫಿ ಗಿಡದಲ್ಲಿ ಬೋರರ್, ಅಂದರೆ ಕಾಂಡ ಕೊರೆಯುವ ಹುಳ, ಹುಡುಕಬೇಕಲ್ಲ, ಹುಳ ರೆಕ್ಕೆ ಬಂದು ಹೊರಡುವ ಮೊದಲು. ಅವನ ತೋಟವನ್ನೂ ನಾನೇ ಸಾಲು ಸಾಲಾಗಿ ನೋಡಿದೆ. 'ಕಣ್ಣಲ್ಲಿ ನೋಡಬೇಡ, ಕೈಯಲ್ಲಿ ನೋಡು' ಅನ್ನುತ್ತಿದ್ದ. ಕಾಂಡದ ಮೇಲೆ ಅಂಗೈ ಒತ್ತಿ ಬುಡದವರೆಗೆ ಎಳೆದರೆ ಚೆನ್ನಾಗಿರುವ ಗಿಡ ನುಣ್ಣಗೆ ಜಾರುತ್ತದೆ, ಹುಳ ಇರುವ ಕಡೆ ತೊಗಟೆಯ ಕೆಳಗೆ ಉಂಗುರದ ಹಾಗೆ ಏಣು ಸಿಗುತ್ತದೆ. ಮೇಲೆ ಎಲೆ ಎಲ್ಲ ಹಸಿರಾಗೇ ಇರುತ್ತದೆ, ನೋಡಿದರೆ ಏನೂ ಆಗಿಲ್ಲ ಅನಿಸುತ್ತದೆ. 31 ಗಿಡ ಸಿಕ್ಕಿದವು. ಕಿತ್ತು ಅದೇ ದಿನ ಸುಟ್ಟೆ. ಅಂಗೈ ಸಿಪ್ಪೆ ಸುಲಿದಿದೆ, ಆದರೆ ಆ ನಾಲ್ಕು ದಿನ ರಾತ್ರಿ ನಿದ್ದೆ ಬಂತು.

ಹೂಮಳೆ ಬಿದ್ದ ಒಂಬತ್ತನೇ ದಿನ ತೋಟ ಪೂರ್ತಿ ಬೆಳ್ಳಗಾಯಿತು. ಹೂ ಬಿಟ್ಟ ದಿನ ಒಳಗೆ ಆಳು ಕಳಿಸಬಾರದು ಅಂತ ಅವನ ಕಟ್ಟಪ್ಪಣೆ. ಬೇಲಿಯ ಹೊರಗೇ ಕೂತೆ. ಆ ಮೊಗ್ಗುಗಳು ತಿಂಗಳುಗಟ್ಟಲೆ ಗೆಣ್ಣಿನಲ್ಲಿ ಹಾಗೇ ಇದ್ದವು, ಒಣಗಿದವೋ ಏನೋ ಅನ್ನುವ ಹಾಗೆ. ಒಂದು ಮಳೆಗೆ ಎದ್ದವು. ಅವನು ಏಳುವುದಿಲ್ಲ. ಇದು ನನಗೆ ಗೊತ್ತು, ಹೂ ತೋರಿಸಿ ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದು ಬೇಡ. ಆದರೂ ಆ ವಾಸನೆಗೆ, ಆ ಜೇನಿನ ಸದ್ದಿಗೆ, ಅವನು ಇದ್ದಿದ್ದರೆ ಎಷ್ಟು ಮಾತಾಡುತ್ತಿದ್ದ ಅಂತ ನೆನೆದು ಚೆನ್ನಾಗಿ ಅತ್ತೆ.

ಇಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆಗುತ್ತಿಲ್ಲ.

ಅವನ ಪುಸ್ತಕದಲ್ಲಿ ಒಂದು ಸಾಲು ಖಾಲಿ ಇದೆ. ಆ ದಿನ ಬೆಳಿಗ್ಗೆ ಸೊನ್ನೆ ಬರೆದಿದ್ದಾನೆ. ರಾತ್ರಿ ಅಕಾಲ ಮಳೆ ಬಂತಲ್ಲ, ಮರುದಿನದ್ದು ಬರೆಯಲು ಅವನಿರಲಿಲ್ಲ. ಆ ರಾತ್ರಿ ನಮ್ಮ ಕಣದಲ್ಲಿ ಕಾಫಿ ಹಣ್ಣು ಹರಡಿತ್ತು. ಎಂಟು ಗಂಟೆ ದಾಟಿತ್ತು, ಹನಿ ಶುರುವಾಗಿತ್ತು, ಆಳುಗಳು ಲೈನ್ ಮನೆಗಳಿಗೆ ಹೋಗಿದ್ದರು, ನಾನೂ ನನ್ನ ಹೆಂಡತಿಯೂ ಹಲಗೆಯಲ್ಲಿ ಗೋರಿ ಗೋರಿ ರಾಶಿ ಮಾಡಿ ಟಾರ್ಪಾಲು ಎಳೆಯುತ್ತಿದ್ದೆವು. ಎಂಟು ಮುಕ್ಕಾಲಿಗೆ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ತೆಗೆದು ನೋಡಿದೆ. ಅವನ ಹೆಸರು. ಮಳೆ ಕೇಳುತ್ತಾನೆ, ಆಮೇಲೆ ಮಾಡಿದರಾಯಿತು ಅಂತ ಮತ್ತೆ ಜೇಬಿಗೆ ಹಾಕಿದೆ. ಆಮೇಲೆ ಸ್ನಾನ, ಊಟ, ನಿದ್ದೆ. ಮಾಡಲಿಲ್ಲ.

ನೋವು ಬಂದದ್ದು ಹನ್ನೊಂದರ ಮೇಲೆ ಅಂತ ಅವ್ವ ಹೇಳುತ್ತಾರೆ. ಇರಬಹುದು. ಎಂಟು ಮುಕ್ಕಾಲಿಗೇ ಅವನಿಗೆ ಏನಾದರೂ ಅನಿಸಿತ್ತಾ?

ಮಣ್ಣು ಮಾಡಿ ಬಂದ ದಿನ ಅವ್ವ ನನ್ನ ಕೈ ಹಿಡಿದು ಕೇಳಿದರು, 'ಕಡೆಗೆ ನಿನ್ನ ಹತ್ತಿರ ಏನಂದಪ್ಪ?' ನಾನು ಹೇಳಿದೆ, 'ಮಳೆ ಬಂತಾ ಅಂತ ಕೇಳಿದ ಅವ್ವಾ, ನಗುತ್ತಿದ್ದ.' ಬಾಯಿಗೆ ಬಂದುಬಿಟ್ಟಿತು. ಹನ್ನೊಂದನೇ ದಿನ ಬಂದವರಿಗೆಲ್ಲ ಅವರು ಅದನ್ನೇ ಹೇಳಿದರು, ನನ್ನ ಮಗ ಕಡೆ ಗಳಿಗೆಯಲ್ಲೂ ಗೆಳೆಯನ ಹತ್ತಿರ ನಗುತ್ತಾ ಮಾತಾಡಿದ್ದಾನೆ ಅಂತ. ನೀನೂ ಆ ಮಾತು ಕೇಳಿ ನನ್ನ ಹೆಗಲ ಮೇಲೆ ಕೈಯಿಟ್ಟೆ. ಆಗಲೂ ನಾನು ಸುಮ್ಮನಿದ್ದೆ.

ಮಳೆ ಬಂದಾಗಲೆಲ್ಲ ನಾನು ಅವರ ಮನೆಗೆ ಓಡುವುದು ಇದಕ್ಕೇ ಇರಬೇಕು.

ಅವ್ವನಿಗೆ ಬೇರೆಯವರು ಓದಿ ಹೇಳಬಾರದು. ಅದಕ್ಕೆ ನಾಳೆ ನಾನೇ ಹೋಗಿ ಹೇಳುತ್ತೇನೆ, ಹೇಳಿ ಬಂದ ಮೇಲೆಯೇ ಇದನ್ನು ಹಾಕುತ್ತೇನೆ. ನೀನು ಇದನ್ನು ಓದುತ್ತಿದ್ದೀಯ ಅಂದರೆ ಹೇಳಿ ಆಗಿದೆ. ಏನಂದರು ಅಂತ ಇಲ್ಲಿ ಬರೆಯುವುದಿಲ್ಲ, ಫೋನ್ ಮಾಡು.

ಹಾಂ, ನಿನ್ನೆ ಎರಡನೇ ಮಳೆಯೂ ಬಂತು. ಹೂವಿನ ಹಿಂದೆ ಬರಲೇಬೇಕಾದ ಮಳೆ, ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ನಮ್ಮಲ್ಲಿ 60, ಅವನ ಕಡೆ 74. ಮೂರು ಮೈಲಿ ದೂರಕ್ಕೆ ಇಷ್ಟು ವ್ಯತ್ಯಾಸ! ಪ್ರತಿ ಸಲ ಅವನದೇ ಜಾಸ್ತಿ, ನೆನಪಿದೆಯಾ, ನಾವು ಎಷ್ಟು ಜಗಳ ಆಡುತ್ತಿದ್ದೆವು. ಬೆಂಗಳೂರಲ್ಲೂ ಮೊನ್ನೆ ಮಳೆಯಂತೆ. ಮುಂದಿನ ವಾರ ಬಸ್ಸಿಗೆ ಒಂದು ಮಾಪಕ ಹಾಕಿ ಕಳಿಸುತ್ತೇನೆ, ನಿನ್ನ ಟೆರೇಸಿನಲ್ಲಿ ಮರದ ನೆರಳಿಲ್ಲದ ಕಡೆ ಇಡು. ಮಳೆ ಇಲ್ಲದಿದ್ದರೂ ಗುಂಪಿಗೆ ಸೊನ್ನೆ ಹಾಕು, ನಾನು ನೋಡುತ್ತಿರುತ್ತೇನೆ.

ಛತ್ರಿ ಅವನ ಅಟ್ಟದಲ್ಲೇ ಸಿಕ್ಕಿತು. ಹಿಡಿ ಇನ್ನೂ ಗಟ್ಟಿ ಇದೆ.

ನಿನ್ನ
ಗೆಳೆಯ