ಎರಡನೇ ಡ್ರಮ್

ರಾತ್ರಿ ಹನ್ನೊಂದೂಕಾಲು. ನಮ್ಮ ಸಂಘದ ಪತ್ರಿಕೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಈ ಪುಟ ಮಾತ್ರ ಖಾಲಿ ಉಳಿದಿತ್ತು, ನನ್ನ ಮಗಳು ಅದನ್ನು ತುಂಬಿಸಿಕೊಟ್ಟಳು.

ಅವಳಿಗೆ 16. ಈ ತಿಂಗಳ ಕೊನೆಗೆ ಜಿಸಿಎಸ್‌ಇ, ಅಂದರೆ ಇಲ್ಲಿ ಬ್ರಿಟನ್ನಿನ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಯ ಫಲಿತಾಂಶ. ಆಮೇಲೆ ಎ ಲೆವೆಲ್‌ಗೆ, ನಮ್ಮ ಪಿಯುಸಿ ಇದ್ದ ಹಾಗೆ, ಮೂರು ವಿಷಯ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬಿಡಬೇಕು. ಈಗ ಗಣಿತ ಬಿಟ್ಟರೆ ನಾಳೆ ಎಂಜಿನಿಯರಿಂಗ್ ಬಾಗಿಲು ಹೆಚ್ಚುಕಮ್ಮಿ ಮುಚ್ಚಿದ ಹಾಗೆ. ಊಟದ ಹೊತ್ತಿಗೆ ಹೇಳಿದಳು: "ಅಪ್ಪಾ, ನೀನೇ ಹೇಳಿಬಿಡು. ತಪ್ಪಾದ್ರೆ ನಿನ್ನ ಮೇಲೆ ಹಾಕಬಹುದು."

ನಗು ಬಂತು. ಆಮೇಲೆ ತುತ್ತು ಇಳಿಯಲಿಲ್ಲ.

ಶಿರಸಿ ಕಡೆಯ ನಮ್ಮ ತೋಟದಲ್ಲಿ ಮಳೆಗಾಲ ಅಂದರೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಹೆದರಿಕೆ. ಮಳೆ ಹಿಡಿಯುವ ಮೊದಲು ಒಂದು ಸಲ, ಸುಮಾರು 40 ದಿನ ಬಿಟ್ಟು ಇನ್ನೊಂದು ಸಲ ಅಡಿಕೆಗೆ ಮದ್ದು ಹೊಡೆಸಬೇಕು. ಆ ಎರಡನೇ ಸಲಕ್ಕೆ ಹೊಳವು, ಅಂದರೆ ಮಳೆ ಬಿಡುವು ಕೊಡುವುದನ್ನು ಕಾಯಬೇಕು. ಆ ವರ್ಷ ಅಪ್ಪಯ್ಯ ಯಾವುದೋ ಕಾರ್ಯದ ಮನೆಗೆ ಯಲ್ಲಾಪುರಕ್ಕೆ ಹೊರಟಿದ್ದ. ಅಂಗಳದಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಹೊಳವಾದ್ರೆ ನೀನೇ ಹೊಡೆಸು" ಅಂದ. ನನಗೆ 15.

ಬೆಳಿಗ್ಗೆ ಬಿಸಿಲು ಬಂತು. ಅಡಿಕೆ ಮರ ಹತ್ತುವ ಕೊನೆಗೌಡನಿಗೆ ಹೇಳಿಕಳಿಸಿದೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಕತ್ತಿಯ ಅಲಗು ಅದ್ದಿ ನೋಡಿದೆ. ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಲೆಕ್ಕ. ಕೆಂಪಾಗಲಿಲ್ಲ. ಅವನು ಮರದಿಂದ ಮರಕ್ಕೆ ದಾಟುತ್ತಾ ಹೊಡೆದ, ನಾನು ಕೆಳಗೆ ಪಂಪು ಜಗ್ಗಿದೆ. 200 ಲೀಟರಿನ ಮೊದಲ ಡ್ರಮ್ ಖಾಲಿಯಾಗುತ್ತಿದ್ದ ಹಾಗೇ ಇನ್ನೊಂದನ್ನು ಕಲಸಿಬಿಟ್ಟೆ. ಸಂಜೆಯೊಳಗೆ ಇಡೀ ತೋಟ ಮುಗಿಸಿ ಅಪ್ಪಯ್ಯನ ಎದುರು ಜಂಬ ಕೊಚ್ಚಬೇಕಿತ್ತು, ಅಷ್ಟೇ. ಕೊನೆಗೌಡ ಮೇಲಿಂದ ಏನೋ ಕೂಗಿದ. ಕೇಳಿಸಿತು. ಕೇಳಿಸದ ಹಾಗೆ ಇದ್ದೆ.

ಹನ್ನೊಂದಕ್ಕೆ ಮಳೆ ಹೊಡೆಯಿತು. ಬಿಡಲೇ ಇಲ್ಲ. ಕಲಸಿದ ಮದ್ದು ಮರುದಿನಕ್ಕೆ ಬರುವುದಿಲ್ಲ. ಒಂದಿಡೀ ಡ್ರಮ್ ಹಾಳಾಯಿತು.

ರಾತ್ರಿ ಅಪ್ಪಯ್ಯ ಬಂದ. ನೀಲಿ ಡ್ರಮ್ ನೋಡಿದ. "ಎರಡನೇದು ಕಲಸೂವಾಗ ಆಕಾಶ ನೋಡಿದ್ಯನೋ ಮಾಣಿ?" ಇಲ್ಲ ಅಂದೆ. ಕೈಕಾಲು ತೊಳೆದು ಬಂದು ಕೇಳಿದ, "ನಾಳೆ ಎಷ್ಟು ಮಾಡ್ತೆ?"

ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಆ ಪ್ರಶ್ನೆಗೆ ರಾತ್ರಿಯಿಡೀ ಲೆಕ್ಕ ಹಾಕಿದೆ. ಬೆಳಿಗ್ಗೆ ಅರ್ಧ ಡ್ರಮ್ ಕಲಸಿದೆ. ಗುಡ್ಡದ ಕಡೆ ನೋಡಿ ಮತ್ತೆ ಅರ್ಧ. ಹಾಗೆ ಮಾಡುತ್ತಾ ತೋಟ ಮುಗಿಯಲು ನಾಲ್ಕು ದಿನ ಹಿಡಿಯಿತು. ಅಷ್ಟೂ ದಿನ ಅಪ್ಪಯ್ಯ ತೋಟಕ್ಕೆ ಇಳಿಯಲಿಲ್ಲ. ಎಷ್ಟು ಕಷ್ಟಪಟ್ಟು ಇಳಿಯದೇ ಕೂತಿದ್ದ ಅಂತ ಈಗ ಗೊತ್ತಾಗುತ್ತಿದೆ.

ಇದೇ ಅಪ್ಪಯ್ಯ ಮರುವರ್ಷ ನನ್ನನ್ನು ಕೇಳದೇ ಪಿಯುಸಿ ಸೈನ್ಸಿಗೆ ಸೇರಿಸಿದ ಅನ್ನುವುದೂ ನಿಜ. ಅಡಿಕೆಯ ವಿಷಯದಲ್ಲಿ ಇದ್ದ ಧೈರ್ಯ ಮಾರ್ಕ್ಸ್ ವಿಷಯದಲ್ಲಿ ಇರಲಿಲ್ಲ. ನಮಗಾದರೂ ಆ ಧೈರ್ಯ ಇದೆಯಾ? ಇಲ್ಲಿನ ಮಕ್ಕಳಿಗೆ ಕಲಸಿ ಹಾಳು ಮಾಡಲು ನಾವು ಯಾವ ಡ್ರಮ್ಮನ್ನೂ ಕೊಟ್ಟಿಲ್ಲ. 16 ಆದ ಕೂಡಲೇ ಮಾತ್ರ "ನಿನ್ನ ಗುರಿ ಏನು?" ಅಂತ ಕೇಳುತ್ತೇವೆ.

ಅದಕ್ಕೇ ಕಮಿಟಿಯಲ್ಲಿ ಜಗಳ ಆಡಿ ಒಂದು ಕೆಲಸ ಮಾಡಿದ್ದೇನೆ. ಚೌತಿ ಆದ ಮೇಲಿನ ಭಾನುವಾರದ ಊಟ ಪೂರ್ತಿ 14ರಿಂದ 18ರ ಮಕ್ಕಳ ಕೈಗೆ. ಜನ ಸುಮಾರು 120. ದುಡ್ಡು ಎಷ್ಟು ಅಂತ ಅವರಿಗೆ ಹೇಳಿದ್ದೇವೆ. ಅಕ್ಕಿ ಎಷ್ಟು, ಅಪ್ಪೆಹುಳಿಯೋ ಸಾಂಬಾರೋ, ಎಲ್ಲ ಅವರದ್ದೇ. ಪಾಯಸ ಸಾಲದೇ ಹೋದರೆ ಯಾರೂ ಅಡುಗೆಮನೆಗೆ ನುಗ್ಗಬೇಡಿ, ದಯವಿಟ್ಟು.

ಉಳಿದ ಸುದ್ದಿ ಗಡಿಬಿಡಿಯಲ್ಲಿ: ಕನ್ನಡ ಕಲಿ ತರಗತಿ ಸೆಪ್ಟೆಂಬರಿನಿಂದ ಶನಿವಾರ ಹತ್ತಕ್ಕೆ. ತಾಳಮದ್ದಳೆ ಹಾಲ್ ಸಿಗದೆ ಮುಂದೆ ಹೋಗಿದೆ. ಸದಸ್ಯತ್ವದ ಹಣ ಬಾಕಿ ಇದ್ದವರಿಗೆ ಗೊತ್ತೇ ಇದೆ. ದೊಡ್ಡ ಪಾತ್ರೆ ಹೊರಲು ನಾಲ್ಕು ಜನ ಬೇಕು. ಈ ಪುಟ ಜೋಡಿಸುವ ಕೆಲಸ ಕಲಿಯುವವರು ಒಬ್ಬರಾದರೂ ಬನ್ನಿ. ಆರು ವರ್ಷ ಆಯ್ತು, ಕಣ್ಣು ಸೋತಿದೆ.

ಮಗಳು ಮಲಗಿದಳು. ಫ್ರಿಡ್ಜಿನ ಮೇಲೆ ಚೀಟಿ ಅಂಟಿಸಿದ್ದಾಳೆ. ಎರಡು ವಿಷಯ ಪೆನ್ನಿನಲ್ಲಿ ಬರೆದಿದ್ದಾಳೆ, ಮೂರನೆಯದು ಪೆನ್ಸಿಲಿನಲ್ಲಿ. ಪಕ್ಕದಲ್ಲೇ ರಬ್ಬರ್ ಇದೆ. ನಾನು ಮುಟ್ಟಿಲ್ಲ.