ಸೆಂಟರ್ ಸ್ಪೀಕರ್ ಸರಿಯಾಗೇ ಇತ್ತು

ಪ್ರೀತಿಯ ಸಬ್‌ವೂಫರ್‌ಗೆ,

ನಾವು ಮಾತಾಡಿ ಎಂಟು ತಿಂಗಳಾಯ್ತು. ನೀನೂ ಫೋನ್ ಮಾಡಿಲ್ಲ, ನಾನೂ ಮಾಡಿಲ್ಲ. ಈಗ ನೋಡಿದರೆ ಊರೆಲ್ಲ ಓದುವ ಜಾಗದಲ್ಲಿ ಪತ್ರ ಬರೀತಾ ಕೂತಿದ್ದಾನಲ್ಲ ಅಂತ ಬೈಯಬೇಡ. ನಿನಗೊಬ್ಬನಿಗೇ ಕಳಿಸಿದರೆ ಓದಿ, ಹೆಬ್ಬೆರಳಿನ ಚಿತ್ರ ಒತ್ತಿ ಮಲಗಿಬಿಡುತ್ತೀಯ. ಇಲ್ಲಿ ಹಾಕಿದರೆ ನಾಲ್ಕು ಜನ ನೋಡುತ್ತಿರುತ್ತಾರೆ, ಮರ್ಯಾದೆಗಾದರೂ ಉತ್ತರ ಕೊಡುತ್ತೀಯ. ಮೆಸ್ ಬಿಲ್ ಬಾಕಿ ಇಟ್ಟವರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕುತ್ತಿದ್ದರಲ್ಲ, ಅದೇ ವಿದ್ಯೆ.

ಮೊದಲು ಒಳ್ಳೇ ಸುದ್ದಿ. ಕರಿ ಪೆಟ್ಟಿಗೆ ಇನ್ನೂ ಬದುಕಿದೆ.

ಹೌದು, 2011ರ ದಸರಾ ಆಫರ್‌ನಲ್ಲಿ ಸ್ಕೂಟರ್ ಮೇಲೆ ಹೊತ್ತು ತಂದೆವಲ್ಲ, ಅದೇ ಬ್ಲೂ-ರೇ ಹೋಮ್ ಥಿಯೇಟರ್. ಐದು ಸ್ಪೀಕರ್, ಜೊತೆಗೆ ದಪ್ಪ ದನಿಯ ಸಬ್‌ವೂಫರ್, ಅಂದರೆ ಒಂದು ನೀನು. ಮೈಸೂರಿನ ದೇವರಾಜ ಅರಸು ರಸ್ತೆಯಿಂದ ಕುವೆಂಪುನಗರದ ತನಕ ನೀನು ಹಿಂದೆ ಕೂತು ಅದನ್ನು ಹಸುಗೂಸಿನ ಥರ ತಬ್ಬಿಕೊಂಡಿದ್ದೆ. ಬಲ್ಲಾಳ್ ಸರ್ಕಲ್ಲಿನಲ್ಲಿ ಪೊಲೀಸಿನವರಿಗೆ ನೀನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮಗಳೂ ಇದನ್ನು ಓದುತ್ತಾಳೆ.

ಆಗ ಅದಕ್ಕೆ ಹದಿನೇಳು ಸಾವಿರ. ನನ್ನ ಒಂದು ತಿಂಗಳ ಸಂಬಳಕ್ಕೆ ಸ್ವಲ್ಪ ಕಮ್ಮಿ. ಅದಕ್ಕೂ ನಾಲ್ಕು ವರ್ಷದ ಹಿಂದೆ, 2007ರಲ್ಲಿ, ಡಿಸ್ಕ್ ಕಂಪನಿ ಮೋಸರ್ ಬೇರ್‌ನವರು 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಕೊಡಲು ಶುರು ಮಾಡಿದಾಗ ನಾವು ಸೊಪ್ಪು ತರುವ ಚೀಲದಲ್ಲಿ ಡಿಸ್ಕ್ ತುಂಬಿಸಿಕೊಂಡು ಬರುತ್ತಿದ್ದವರು. ಬ್ಲೂ-ರೇ ಡಿಸ್ಕಿನ ಬೆಲೆ ನೋಡಿ ಇಬ್ಬರ ಕೈಯೂ ಜೇಬಿಂದ ಹೊರಗೆ ಬರಲಿಲ್ಲ. ಹಾಗಾಗಿ ಮೊದಲ ವರ್ಷ ಪೂರ್ತಿ ಓಡಿದ್ದು ಪೆಟ್ಟಿಗೆ ಜೊತೆ ಬಿಟ್ಟಿ ಬಂದ ಮೀನಿನ ಡಿಸ್ಕ್. ಯಾರೇ ಮನೆಗೆ ಬರಲಿ, ಕಾಫಿಗೂ ಮುಂಚೆ ಮೀನು. ಡಿವಿಡಿಯಲ್ಲಿ ಒಂದು ಪದರಕ್ಕೆ 4.7 ಜಿಬಿ, ಬ್ಲೂ-ರೇಯಲ್ಲಿ 25 ಅಂತ ನನ್ನ ಮಾವನವರಿಗೆ ನೀನು ಅರ್ಧ ಗಂಟೆ ವಿವರಿಸಿದ್ದೆ. ಅವರು ಪೂರ್ತಿ ಕೇಳಿ, "ಮೀನು ಫ್ರೆಶ್ಶಾಗಿವೆ" ಅಂದರು.

ಹೋದ ವರ್ಷ ಪೆಟ್ಟಿಗೆಗೆ ವಯಸ್ಸಾದವರ ಕಾಯಿಲೆಗಳೆಲ್ಲ ಶುರುವಾದವು. ಮೊದಲು ಟ್ರೇ. ಬಟನ್ ಒತ್ತಿದರೆ ಒಳಗೆ ಹಲ್ಲು ಕಡಿದ ಸದ್ದು. ಡಿಸ್‌ಪ್ಲೇ ಮೇಲೆ 'ಓಪನ್' ಅಂತ ಬರುತ್ತದೆ, ಬಾಗಿಲು ಮಾತ್ರ ಮುಚ್ಚಿದ ಹಾಗೇ ಇರುತ್ತದೆ. "ಥೇಟ್ ನಿಮ್ಮ ಥರ" ಅಂದಳು ನಮ್ಮನೆಯವಳು. ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದರೆ ಆ ಹುಡುಗ ಮುಚ್ಚಳ ಕೂಡ ಬಿಚ್ಚಲಿಲ್ಲ. "ಸರ್, ಇದರ ಕಾಲ ಮುಗೀತು, ಸೌಂಡ್‌ಬಾರ್ ಹಾಕಿಸಿಕೊಳ್ಳಿ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಒಪ್ಪೋದವರು 2018ರಲ್ಲೇ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ಬಿಟ್ಟರು. ಸೋನಿಯವರು 2025ರ ಫೆಬ್ರವರಿಗೆ ಖಾಲಿ ಬ್ಲೂ-ರೇ ಡಿಸ್ಕ್ ತಯಾರಿಸುವುದನ್ನೇ ನಿಲ್ಲಿಸಿದರು. ಆದರೂ ಅಷ್ಟು ಚಿಕ್ಕ ಹುಡುಗ ಹಾಗೆ ಅಂದಾಗ ನನಗೇ ಹೇಳಿದ ಹಾಗಾಯ್ತು.

ಮನೆಗೆ ತಂದು ನಾನೇ ಬಿಚ್ಚಿದೆ. ನಗಬೇಡ. ಒಳಗೆ ಏನೂ ಇಲ್ಲ ಮಾರಾಯ, ಮುಕ್ಕಾಲು ಪೆಟ್ಟಿಗೆ ಗಾಳಿ. ಟ್ರೇ ಕೆಳಗೆ ಎರಡು ಬಿಳಿ ಗಾಲಿ, ಅವಕ್ಕೆ ಸುತ್ತಿದ ಕಪ್ಪು ರಬ್ಬರ್ ಬೆಲ್ಟ್, ಕೂಸಿನ ಬಳೆಯಷ್ಟು. ಅದು ಸಡಿಲ ಆಗಿ ಜಾರುತ್ತಿತ್ತು, ಅಷ್ಟೇ. ಕುದಿಯುವ ನೀರಿನಲ್ಲಿ ಎರಡು ನಿಮಿಷ ಬಿಟ್ಟೆ, ಬಿಗಿಯಾಯ್ತು. ಒಂದು ತಿಂಗಳು ಓಡಿತು. ಆಮೇಲೆ ಹೊಸ ಬೆಲ್ಟ್ ತರಿಸಿದೆ.

ಅದಾದ ಮೇಲೆ ಇನ್ನೊಂದು ತಮಾಷೆ. ಬ್ಲೂ-ರೇ ಓಡುತ್ತದೆ, ಡಿವಿಡಿ ಹಾಕಿದರೆ 'ನೋ ಡಿಸ್ಕ್'. ಬ್ಲೂ-ರೇ ಓದುವ ನೇರಳೆ ಲೇಸರ್ ಬೇರೆ, 405 ನ್ಯಾನೋಮೀಟರ್. ಡಿವಿಡಿಯ ಕೆಂಪು ಲೇಸರ್ ಬೇರೆ, 650. ಒಂದು ಸುಸ್ತಾದರೂ ಇನ್ನೊಂದು ಕೆಲಸ ಮಾಡುತ್ತಿರುತ್ತದೆ. ಹೆಸರುಕಾಳಿನಷ್ಟು ಲೆನ್ಸು. ಹತ್ತಿ ಕಡ್ಡಿಗೆ ಸ್ಪಿರಿಟ್ ಮುಟ್ಟಿಸಿ, ಉಸಿರು ಬಿಗಿ ಹಿಡಿದು ಒರೆಸಿದೆ. ಡಿವಿಡಿ ಬಂತು! ಆವತ್ತು ರಾತ್ರಿ ನಾನು ಡಾಕ್ಟರ್ ಥರ ಓಡಾಡಿದೆ ಅಂತ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಬೆಲ್ಟು ಲೆನ್ಸು ಗೆದ್ದ ಜಂಬದಲ್ಲಿ ನಾನು ಮೂರನೇ ಕಾಯಿಲೆಗೆ ಕೈ ಹಾಕಿದೆ. ಡೈಲಾಗು ಕೇಳಿಸುತ್ತಿರಲಿಲ್ಲ.

ಹಾಡು ಕೇಳಿಸುತ್ತದೆ, ಮಳೆ ಕೇಳಿಸುತ್ತದೆ, ಕಾರು ಉರುಳುವುದು ಹೊಟ್ಟೆಯೊಳಗೇ ಕೇಳಿಸುತ್ತದೆ. ಹೀರೋ ಅವರಮ್ಮನಿಗೆ ಏನು ಹೇಳಿದ ಅನ್ನುವುದು ಮಾತ್ರ ಇಲ್ಲ. 5.1ರಲ್ಲಿ, ಅಂದರೆ ಐದು ಸ್ಪೀಕರ್ ಒಂದು ಸಬ್‌ವೂಫರ್ ಇರುವ ಸೆಟ್ಟಿನಲ್ಲಿ, ಮಾತೆಲ್ಲ ಹೆಚ್ಚುಕಮ್ಮಿ ಮಧ್ಯದ ಸ್ಪೀಕರ್‌ನಿಂದಲೇ ಬರೋದು. ಹಾಗಾಗಿ ಸೆಂಟರ್ ಸ್ಪೀಕರ್ ಮೇಲೆ ನನಗೆ ಅನುಮಾನ. ಇಲಿ ವೈರ್ ಕಡಿದಿದೆಯಾ ನೋಡಿದೆ, ಇಲ್ಲ. ವೈರೇ ಬದಲಾಯಿಸಿದೆ. ಸೆಟಿಂಗಿಗೆ ಹೋಗಿ ಸೆಂಟರ್ ಲೆವೆಲ್ ಮೂರು ಏರಿಸಿದೆ, ಆಮೇಲೆ ಆರು. ನೈಟ್ ಮೋಡ್ ಹಾಕಿದೆ. ಪಕ್ಕದ ಮನೆ ಅಜ್ಜಿ ಬೆಳಿಗ್ಗೆ ರಂಗೋಲಿ ಹಾಕುತ್ತಾ, "ರಾತ್ರಿ ನಿಮ್ಮನೆ ಸಿನಿಮಾ ಚೆನ್ನಾಗಿತ್ತಪ್ಪ, ಕೊನೇಲಿ ಅವಳು ಅವನನ್ನ ಕ್ಷಮಿಸಿಬಿಟ್ಟಳಲ್ಲ" ಅಂದರು. ಅವಳು ಕ್ಷಮಿಸಿದ್ದು ನನಗೆ ಗೊತ್ತೇ ಇರಲಿಲ್ಲ. ಅಜ್ಜಿಗೆ 74 ವರ್ಷ. ಮಧ್ಯೆ ಒಂಬತ್ತಿಂಚಿನ ಗೋಡೆ.

ಕೊನೆಗೆ ಟೆಸ್ಟ್ ಟೋನ್ ಹಾಕಿದೆ. ನಿನಗೆ ನೆನಪಿರಬೇಕು, ಕುಕ್ಕರ್ ವಿಷಲ್ ಬರುವ ಮುಂಚೆ ಆಗುತ್ತಲ್ಲ, ಆ ಥರ 'ಶ್ಶ್' ಅಂತ ಒಂದೊಂದೇ ಸ್ಪೀಕರ್‌ನಿಂದ ಸುತ್ತು ಹಾಕುತ್ತದೆ. ಎಡ, ಮಧ್ಯ, ಬಲ, ಹಿಂದೆ. ಎಡಗಡೆಯವು ಎರಡೂ ಸತ್ತ ಹಾಗಿದ್ದವು. "ಎಡಗಡೆ ಚಾನೆಲ್ ಹೋಗಿದೆ" ಅಂದೆ. ಮಗಳು ಪಕ್ಕದಲ್ಲೇ ಕೂತಿದ್ದಳು. "ಎಲ್ಲಾ ಒಂದೇ ಥರ ಬರ್ತಿದೆಯಲ್ಲಪ್ಪಾ" ಅಂದಳು. ಈಗಿನ ಮಕ್ಕಳಿಗೆ ಸೌಂಡ್ ಅಂದರೆ ಏನು ಗೊತ್ತು ಅಂತ ಸಣ್ಣ ಭಾಷಣ ಮಾಡಿದೆ. ಆಮೇಲೆ ಸ್ಕ್ರೂಡ್ರೈವರ್ ತರೋಣ ಅಂತ ಎದ್ದು, ಟಿವಿಗೆ ಬೆನ್ನು ಹಾಕಿ, ಡ್ರಾ ಹುಡುಕುತ್ತಾ ನಿಂತೆ. ಟೋನ್ ಓಡುತ್ತಲೇ ಇತ್ತು.

ಈಗ ಬಲಗಡೆ ಸ್ಪೀಕರ್‌ಗಳು ಸತ್ತಿದ್ದವು.

ತಿರುಗಿ ನಿಂತೆ, ಎಡಗಡೆಯವು ಸತ್ತವು. ಮತ್ತೆ ತಿರುಗಿದೆ. ನಾಲ್ಕು ಸಲ ತಿರುಗಿದೆ ಕಣೋ, ಆತ್ಮಪ್ರದಕ್ಷಿಣೆ ಹಾಕುವವನ ಥರ. ಕೆಟ್ಟಿದ್ದು ನನ್ನ ಜೊತೆಗೇ ತಿರುಗುತ್ತಿತ್ತು. ಮಗಳು ರಿಮೋಟ್ ತಗೊಂಡು ಟೋನ್ ನಿಲ್ಲಿಸಿದಳು. ಏನೂ ಹೇಳಲಿಲ್ಲ, ಅಥವಾ ಹೇಳಿದ್ದು ನನಗೆ ಕೇಳಿಸಲಿಲ್ಲ.

ನಮ್ಮೂರಲ್ಲಿ ಆಟೋ ಹತ್ತಿ "ಸ್ಪೀಚ್ ಅಂಡ್ ಹಿಯರಿಂಗ್" ಅಂದರೆ ಸಾಕು, ಮಾನಸಗಂಗೋತ್ರಿ ಗೇಟಿಗೆ ಬಿಡುತ್ತಾರೆ. ದೇಶದ ಎಲ್ಲೆಲ್ಲಿಂದಲೋ ಜನ ಕಿವಿ, ಮಾತಿನ ತೊಂದರೆ ತೋರಿಸಿಕೊಳ್ಳಲು ಆ ಸಂಸ್ಥೆಗೆ ಬರುತ್ತಾರೆ. ನಾನು ಇಷ್ಟು ವರ್ಷ ಅದರ ಕಾಂಪೌಂಡ್ ಪಕ್ಕದಲ್ಲೇ ಓಡಾಡಿದವನು, ಒಳಗೆ ಹೋಗಿದ್ದು ಅವತ್ತೇ ಮೊದಲು. ಗಾಳಿಯೂ ಸದ್ದು ಮಾಡದಂಥ ಒಂದು ಪುಟ್ಟ ಕೋಣೆ. ಹೆಡ್‌ಫೋನ್ ಹಾಕಿ, ಕೈಗೆ ಒಂದು ಬಟನ್ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಅಂದರು. ಬಲಗಿವಿಗೆ ಟಪಟಪ ಒತ್ತಿದೆ. ಎಡಗಿವಿಗೆ ಬಂದಾಗ ಬಹಳ ಹೊತ್ತು ಏನೂ ಇಲ್ಲ. ಮಿಷನ್ ಕೆಟ್ಟಿರಬೇಕು ಅಂದುಕೊಂಡೆ. ಅಷ್ಟಾದರೂ ಮಿಷನ್ ಮೇಲೇ ಹಾಕುವ ಬುದ್ಧಿ ನೋಡು.

ಕೊನೆಗೆ ಒಂದು ಗ್ರಾಫ್ ಕೊಟ್ಟರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಕೆಂಪು ಸೊನ್ನೆಗಳು ಮೇಲೆ ಶಿಸ್ತಾಗಿ ಸಾಲು ನಿಂತಿವೆ. ನೀಲಿಯವು 2000 ಹರ್ಟ್ಜ್ ತನಕ ಹೇಗೋ ನಡೆದು ಬಂದು, 4000ದಲ್ಲಿ ಬಾವಿಗೆ ಹಾರಿವೆ, 55 ಡೆಸಿಬಲ್. "ನಿಮಗೆ ಸದ್ದು ಕೇಳಿಸುತ್ತೆ ಸರ್, ಮಾತು ಬಿಡಿಸಿಕೊಳ್ಳೋಕೆ ಆಗ್ತಿಲ್ಲ" ಅಂದರು ಪರೀಕ್ಷೆ ಮಾಡಿದ ಹುಡುಗಿ. ಆ, ಈ, ಓ ಎಲ್ಲ ದಪ್ಪ ಸದ್ದು, ಸಿಗುತ್ತವೆ. ಸ, ಶ, ತ, ಕ ಇವೆಲ್ಲ ತೆಳ್ಳಗೆ, ಮೇಲಿನ ಫ್ರೀಕ್ವೆನ್ಸಿ, ಜಾರಿಹೋಗುತ್ತವೆ. ಅಂದರೆ ಸ್ವರ ಇದೆ, ವ್ಯಂಜನ ಇಲ್ಲ. ಎಲೆ ತುಂಬ ಅನ್ನ ಬಡಿಸಿ ಪಲ್ಯ, ಕೋಸಂಬರಿ ಮರೆತ ಹಾಗೆ.

ಜೋರು ಸದ್ದಿನ ಜಾಗದಲ್ಲಿ ಕೆಲಸ ಮಾಡಿದ್ದೀರಾ ಅಂತ ಕೇಳಿದರು. ಇಲ್ಲ ಅಂದೆ. ಆಚೆ ಬಂದ ಮೇಲೆ ಗಣಪತಿ ಆರ್ಕೆಸ್ಟ್ರಾ ನೆನಪಾಯ್ತು. ಮೂರು ವರ್ಷ, ಸ್ಪೀಕರ್ ಗೋಪುರದ ಬುಡದಲ್ಲೇ ಕೂತದ್ದು. ನಾನು ಯಾವಾಗಲೂ ನಿನ್ನ ಬಲಕ್ಕೆ, ಗೋಪುರ ಎಡಕ್ಕೆ, ಮಧ್ಯದಲ್ಲಿ ನೀನು. ಹಾಗೆ ನೋಡಿದರೆ ನಿನ್ನ ಕಿವಿ ನನಗಿಂತ ಮುಂಚೆ ಹೋಗಬೇಕಿತ್ತು. ಒಂದು ಸಲ ತೋರಿಸಿಕೋ.

ಈಗ ಎಲ್ಲದಕ್ಕೂ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತೇನೆ. ಡಿಸ್ಕಲ್ಲಿ ಇರುವುದು ಇಂಗ್ಲಿಷ್ ಸಬ್‌ಟೈಟಲ್ಲೇ. ಕನ್ನಡ ಸಿನಿಮಾವನ್ನು ಇಂಗ್ಲಿಷಿನಲ್ಲಿ ಓದುವ ಕನ್ನಡಿಗ. ರಾಜ್ಯೋತ್ಸವದ ದಿನ ಕಿಟಕಿ ಪರದೆ ಎಳೆದುಕೊಂಡು ನೋಡಿದೆ. ಪರದೆ ಮೇಲೆ ಒಬ್ಬಳು ಎರಡು ನಿಮಿಷ ಶಾಪ ಹಾಕುತ್ತಾಳೆ, ಕೆಳಗೆ 'ಗೋ ಅವೇ' ಅಂತ ಬರುತ್ತದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸೋಣ ಅಂತಲೇ ಇದ್ದೆ.

ಹೋದ ತಿಂಗಳು ಒಂದು ಮದುವೆಯಲ್ಲಿ ನಿಮ್ಮೂರಿನವರೊಬ್ಬರು ಸಿಕ್ಕಿದ್ದರು. ಊಟಕ್ಕೆ ನನ್ನ ಬಲಕ್ಕೆ ಕೂತಿದ್ದರು, ಹಾಗಾಗಿ ಅವರು ಹೇಳಿದ್ದು ಪೂರ್ತಿ ಕೇಳಿಸಿತು. ಎಲೆಚುಕ್ಕೆ ರೋಗ, ಎರಡು ವರ್ಷದ ಫಸಲು, ಸೊಸೈಟಿ ಸಾಲ. ನೀನು ತೋಟ ಮಾರಿದ್ದು.

ಅದನ್ನು ನೀನು ನನಗೆ ಹೇಳಿದ್ದೆ. ಎಂಟು ತಿಂಗಳ ಹಿಂದೆ, ಫೋನಿನಲ್ಲಿ. ನನಗೆ ಕೇಳಿಸಿದ್ದು "ತೋಟ ಮಾಡಿದೆ" ಅಂತ. ನಾನು ಏನಂದೆ ಅಂತ ನಿನಗೆ ನೆನಪಿರುತ್ತದೆ, ನನಗೂ ಇದೆ. "ಭೇಷ್! ಊಟ ಹಾಕ್ಸೋದು ಯಾವಾಗ?" ಅಂದೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಡ್ತೀನಿ ಕಣೋ" ಅಂದೆ. ಅದನ್ನೂ ನಾನು ಊಟ ಇಡುವುದು ಅಂದುಕೊಂಡೆ.

ಕಿವಿ ಮೇಲೆ ಹಾಕಿ ತಪ್ಪಿಸಿಕೊಳ್ಳಬೇಕು ಅಂತಲೇ ಈ ಪತ್ರ ಶುರು ಮಾಡಿದ್ದು. ಗ್ರಾಫ್ ಇದೆ, ಸೀಲ್ ಇದೆ, ಡಾಕ್ಟರ್ ಸಹಿ ಇದೆ. ಆದರೆ ಒಂದು ವಿಷಯ ಆ ಗ್ರಾಫಿನಲ್ಲಿ ಇಲ್ಲ. ಆವತ್ತು ನೀನು ಫೋನ್ ಮಾಡಿದಾಗ ನಾನು ಸಿನಿಮಾ ಪಾಜ್ ಮಾಡಿ ನಿಲ್ಲಿಸಿದ್ದೆ. ಬಲಗೈಯಲ್ಲಿ ರಿಮೋಟ್ ಇತ್ತು, ಅದಕ್ಕೇ ಫೋನ್ ಎಡಗಿವಿಗೆ. ನೀನು ಇಪ್ಪತ್ತು ನಿಮಿಷ ಮಾತಾಡಿದೆ. ಪಾಜ್ ಮಾಡಿ ಸುಮ್ನೆ ಬಿಟ್ಟರೆ ಪರದೆ ಮೇಲೆ ಒಂದು ಲೋಗೋ ಬಂದು, ಆ ಗೋಡೆಗೆ ಈ ಗೋಡೆಗೆ ಬಡಿದುಕೊಂಡು ಓಡಾಡುತ್ತದಲ್ಲ, ನಾನು ಅದನ್ನೇ ನೋಡುತ್ತಿದ್ದೆ. ಸರಿಯಾಗಿ ಮೂಲೆಗೆ ಹೋಗಿ ಬಡಿಯುತ್ತದಾ ಅಂತ. ಹಾಸ್ಟೆಲ್ಲಿನ ಟಿವಿ ರೂಮಿನಲ್ಲಿ ಅದಕ್ಕೆ ಟೀ ಬೆಟ್ ಕಟ್ಟುತ್ತಿದ್ದೆವಲ್ಲ. ಒಂದು ಸಲ ಕೂದಲೆಳೆಯಲ್ಲಿ ತಪ್ಪಿತು, ಇನ್ನೊಂದು ಸಲವೂ ತಪ್ಪಿತು. ಆಮೇಲೆ ಹೋಗಿ ಮೂಲೆಗೇ ಬಡಿಯಿತು.

ಆ 'ಭೇಷ್' ಅದಕ್ಕೆ.

ನೀನು ತೋಟ ಮಾರಿದೆ ಅಂತ ಹೇಳಿದ್ದಕ್ಕಲ್ಲ, ಮಾಡಿದೆ ಅಂತ ಕೇಳಿಸಿದ್ದಕ್ಕೂ ಅಲ್ಲ. ಬಲಗಿವಿಗೆ ಹಿಡಿದಿದ್ದರೂ ಅದನ್ನೇ ಅನ್ನುತ್ತಿದ್ದೆನೋ ಏನೋ. ನಿಮ್ಮ ಅಪ್ಪ ಒಂದೊಂದೇ ಸಸಿ ಹೊತ್ತು ತಂದು ನೆಟ್ಟ ತೋಟ ಅದು. ನನಗೆ ಮೊದಲ ಸಲ ಜಿಗಣೆ ಕಚ್ಚಿದ್ದು ಅಲ್ಲೇ, ನಿಮ್ಮಮ್ಮ ಸುಣ್ಣ ತಂದು ಹಚ್ಚಿದ್ದರು.

ನಿನ್ನ ಮನೆ ವಿಷಯ ಹೀಗೆ ಎಲ್ಲರ ಮುಂದೆ ಬರೆದುಬಿಟ್ಟೆ. ನಿನ್ನ ಕೇಳಿ ಬರೆಯಬೇಕಿತ್ತು. ಕೇಳಬೇಕು ಅಂದರೆ ಫೋನ್ ಮಾಡಬೇಕು. ಫೋನ್ ಮಾಡಲು ನನಗೆ ಭಯ, ಮತ್ತೆ ಏನಕ್ಕೆ ಏನು ಅಂದುಬಿಡುತ್ತೇನೋ ಅಂತ. ಬೇಡ ಅನ್ನಿಸಿದರೆ ಹೇಳು, ಈ ಭಾಗ ತೆಗೆದುಹಾಕಿ ಮೀನಿನ ಕಥೆ ಅಷ್ಟೇ ಉಳಿಸುತ್ತೇನೆ. ಓದುಗರು ಮೀನಿಗೇ ಜಾಸ್ತಿ ಲೈಕ್ ಕೊಟ್ಟಿರುತ್ತಾರೆ, ಬೇಕಾದರೆ ನೋಡು.

ಸರಿ, ಸಾಕು. ಮುಂದಿನ ವಾರ ಕಿವಿಯ ಮಿಷನ್ ಹಾಕುತ್ತಾರೆ. ಪುಟ್ಟದು, ಗೋಡಂಬಿ ಆಕಾರ. ಬೆಲೆ ಕೇಳಿದೆ. ಆ ದುಡ್ಡಿಗೆ ಹೊಸ ಹೋಮ್ ಥಿಯೇಟರ್ ಬರುತ್ತದೆ, ಸಬ್‌ವೂಫರ್ ಸಮೇತ. "ಇದಕ್ಕೆ ರಿಮೋಟ್ ಇದೆಯಾ?" ಅಂತ ನಮ್ಮನೆಯವಳು ಆ ಹುಡುಗಿಯನ್ನು ಬಹಳ ಆಸೆಯಿಂದ ಕೇಳಿದಳು. ಮೊಬೈಲಿನಲ್ಲೇ ವಾಲ್ಯೂಮ್ ಕಮ್ಮಿ ಜಾಸ್ತಿ ಮಾಡಬಹುದಂತೆ. ಆ ಮೊಬೈಲ್ ಯಾರ ಹತ್ತಿರ ಇರಬೇಕು ಅನ್ನುವುದರ ಮೇಲೆ ಈಗ ಮನೆಯಲ್ಲಿ ಚರ್ಚೆ ನಡೆದಿದೆ.

ಸೆಂಟರ್ ಲೆವೆಲ್ಲನ್ನು ಆರರಿಂದ ಸೊನ್ನೆಗೆ ಇಳಿಸಿದೆ. ಅಜ್ಜಿಗೆ ಬೇಜಾರಾಗಿದೆ, ಕಥೆ ಅರ್ಧಕ್ಕೇ ನಿಂತಿದೆಯಂತೆ.

ಉತ್ತರ ಬರಿ. ಬರೆಯೋಕೆ ಸೋಮಾರಿತನ ಆದರೆ ಫೋನ್ ಮಾಡು, ಬಲಗಿವಿಗೆ ಮಾಡು. ಟಿವಿ ಆರಿಸಿರುತ್ತೇನೆ.

ಇಂತಿ ನಿನ್ನ,
ನೋ ಡಿಸ್ಕ್

ವಿ.ಸೂ: ಕಳೆದುಹೋಗಿದ್ದ ಆ ಎರಡನೇ ಸಿಡಿ ಸಿಕ್ಕಿತು. ಎಲ್ಲಿತ್ತು ಅಂತ ಇಲ್ಲಿ ಕೇಳಬೇಡ.